ಸಹಾಯ ಬೇಕು: ಕೊಬ್ಬರಿ ಎಣ್ಣೆಯಲ್ಲೂ ಪರ್ಮಾಂಗನೇಟ್ ಬಣ್ಣ ಹೋಗುತ್ತಿದೆ

ಅರಸೀಕೆರೆ ಕಡೆಯ ಹೈಸ್ಕೂಲು, ಹತ್ತನೇ ತರಗತಿ. ಪರ್ಯಾಪ್ತ (ಇಂಗಾಲಗಳ ನಡುವೆ ಏಕಬಂಧ ಮಾತ್ರ ಇರುವ), ಅಪರ್ಯಾಪ್ತ (ದ್ವಿಬಂಧವೂ ಇರುವ) ಸರಪಳಿಗಳ ವ್ಯತ್ಯಾಸ ತೋರಿಸಬೇಕು. ಬ್ರೋಮಿನ್ ನೀರು ಲ್ಯಾಬಲ್ಲಿ ಇಲ್ಲ, ಹಾಗಾಗಿ 1 ಮಿಲಿ ಎಣ್ಣೆಗೆ ಸ್ವಲ್ಪ ಸೋಡಾ ದ್ರಾವಣ ಸೇರಿಸಿ, ತೆಳು ಪೊಟ್ಯಾಸಿಯಂ ಪರ್ಮಾಂಗನೇಟ್ ಹನಿ ಹನಿಯಾಗಿ ಹಾಕಿ ಕುಲುಕುವ ವಿಧಾನ; ದ್ವಿಬಂಧ ಇದ್ದರೆ ಅದರ ನೇರಳೆ ಬಣ್ಣ ಹೋಗುತ್ತೆ.

ಸೂರ್ಯಕಾಂತಿ ಎಣ್ಣೆಯಲ್ಲಿ ನೇರಳೆ ಬೇಗ ಹೋಗಿ ಕಂದು ಗಸಿ ಬರುತ್ತೆ. ಆದರೆ ಕೊಬ್ಬರಿ ಎಣ್ಣೆಯಲ್ಲೂ ಮೊದಲ ಹನಿಗಳ ಬಣ್ಣ ಹೋಗುತ್ತೆ! ಅದರಲ್ಲಿ ಶೇ. 90ರಷ್ಟು ಪರ್ಯಾಪ್ತ ಆಮ್ಲಗಳು, ಉಳಿದದ್ದರಲ್ಲಿ ಓಲಿಯಿಕ್ ಆಮ್ಲದ ದ್ವಿಬಂಧ ಇದೆ, ಅದು ಗೊತ್ತು. ಎಣ್ಣೆ ನೀರಲ್ಲಿ ಬೆರೆಯಲ್ಲ ಅಂತ ಸ್ಪಿರಿಟ್ ಹಾಕಿದರೆ ಇನ್ನೂ ಕೆಡುತ್ತೆ, ಪರ್ಮಾಂಗನೇಟ್ ಎಥನಾಲನ್ನೇ ಉತ್ಕರ್ಷಿಸುತ್ತೆ. ಪರ್ಮಾಂಗನೇಟ್ ಬದಲು ಬಳಸುವ ಟಿಂಚರ್ ಅಯೋಡಿನ್‌ನದೂ ಇದೇ ಕಥೆ: ಮೆಡಿಕಲ್ ಸ್ಟೋರಿನ, ದ್ವಿಬಂಧವಿಲ್ಲದ ದ್ರವ ಪ್ಯಾರಾಫಿನ್‌ಗೆ ಹಾಕಿದರೆ ಅಯೋಡಿನ್ ಅದರಲ್ಲಿ ಕರಗಿ ನೇರಳೆಯಾಗುತ್ತೆ, ಮಕ್ಕಳು ಅದನ್ನೇ ಕ್ರಿಯೆ ಅಂದುಕೊಳ್ಳುತ್ತಾರೆ.

ಗೊಂದಲ ಇಷ್ಟೇ: ಇಲ್ಲಿ ಹೋಲಿಸಬೇಕಾದ್ದು ಬಣ್ಣ ಹೋಗುವ ವೇಗವನ್ನೋ, ಬಣ್ಣ ಉಳಿಯೋವರೆಗೆ ಬೇಕಾದ ಹನಿಗಳನ್ನೋ? 40 ನಿಮಿಷದ ಪಿರಿಯಡ್‌ನಲ್ಲಿ ವ್ಯತ್ಯಾಸ ಎದ್ದು ಕಾಣಲು ಪರ್ಮಾಂಗನೇಟ್ ಶೇಕಡಾ ಎಷ್ಟರದು ಇರಬೇಕು, ಎಣ್ಣೆ ಎಷ್ಟು? ಮಾಡಿ ನೋಡಿದವರು ಅಳತೆ ಸಮೇತ ತಿಳಿಸಿ.