ಬರೀ ‘ಕಣಗಿಲೆ’ ಅಂದರೆ ಯಾವ ಗಿಡ?

ಗೆಳೆಯರೆ, ನಮಸ್ಕಾರ.

ಹಿಂದೆ ಮುಂದೆ ಏನೂ ಸೇರಿಸದೆ ‘ಕಣಗಿಲೆ’ ಎಂದರೆ ನಿಮ್ಮ ಕಣ್ಣಿಗೆ ಬರುವ ಗಿಡ ಯಾವುದು? ನನಗೆ ಈ ಪ್ರಶ್ನೆ ಹುಟ್ಟಿದ್ದು ನಮ್ಮ ನಾಯಿಯಿಂದ.

ಗುಂಡನಿಗೆ ಗಿಡಕ್ಕೆ ಬಾಯಿ ಹಾಕುವ ಚಟ. ಸೆಕೆ ಏರಿದರೆ ಸಾಕು, ಕುಂಡದ ಹಸಿ ಮಣ್ಣು ಕೆದರಿ ತಂಪಿಗೆ ಮಲಗುತ್ತಾನೆ, ಮಲಗಿದಲ್ಲಿಂದಲೇ ಎಟುಕಿದ ಎಲೆ ಅಗಿಯುತ್ತಾನೆ. ಕಳೆದ ವಾರ ನೋಡಿದರೆ ಬಾಯಿಂದ ಜೊಲ್ಲು ಸುರಿಯುತ್ತಿದೆ, ಮೂತಿಗೆ ನಸುಗೆಂಪು ಎಸಳೊಂದು ಅಂಟಿಕೊಂಡಿದೆ. ಪಶುವೈದ್ಯರಿಗೆ ಫೋನ್ ಮಾಡಿ “ನಾಯಿ ಕಣಗಿಲೆ ತಿಂದುಬಿಟ್ಟಿದೆ” ಎಂದೆ. ಅವರ ದನಿಯೇ ಬದಲಾಯಿತು. “ಈಗಲೇ ಹೊರಡಿ. ನೀವಾಗಿ ವಾಂತಿ ಮಾಡಿಸಲು ಹೋಗಬೇಡಿ. ಉದ್ದನೆಯ ಎಲೆ ತಾನೆ?” ಎಂದರು. ಕುಂಡದ ಕಡೆ ನೋಡಿದೆ. ಎಲೆ ಗಿಡ್ಡ, ಮೊಟ್ಟೆಯಾಕಾರ, ನಡುವೆ ತಿಳಿ ಬಣ್ಣದ ನರ. ಅದು ಕಾಶಿ ಕಣಗಿಲೆ. ನಮ್ಮಮ್ಮ ‘ಕಾಶಿ’ಯನ್ನು ಬಿಟ್ಟು ಬರೀ ಕಣಗಿಲೆ ಎನ್ನುತ್ತಿದ್ದರು, ನನ್ನ ಬಾಯಿಗೂ ಅದೇ ಬಂತು. ಗುಂಡ ಎರಡು ಸಲ ವಾಂತಿ ಮಾಡಿಕೊಂಡು ಮಾರನೆಯ ದಿನ ಚೇತರಿಸಿಕೊಂಡ.

ಆ ರಾತ್ರಿ ಕೂತು ಎಣಿಸಿದೆ. ನಾನು ಕೇಳಿಬಲ್ಲ ಕಣಗಿಲೆಗಳು ನಾಲ್ಕು. ಮೊದಲನೆಯದು ನಿಜವಾದ ಕಣಗಿಲೆ, ಸಸ್ಯಶಾಸ್ತ್ರದ ನೀರಿಯಂ. ಗಂಟಿಗೆ ಮೂರರಂತೆ ಉದ್ದನೆಯ, ದಪ್ಪ ಚರ್ಮದಂಥ ಎಲೆ. ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ, ಒಣಗಿ ಬಿದ್ದ ಎಲೆಯೂ ವಿಷ. ಅದರಲ್ಲಿರುವ ಒಲಿಯಾಂಡ್ರಿನ್ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಕುಂಡದಡಿಯ ತಟ್ಟೆಯಲ್ಲಿ ಎಲೆ ಬಿದ್ದು ನೆನೆದ ನೀರನ್ನು ನಾಯಿ ನೆಕ್ಕಿದರೂ ಅಪಾಯವೇ. ಹಳದಿ ಗಂಟೆಯಂಥ ಹೂ ಬಿಡುವ ಹಳದಿ ಕಣಗಿಲೆ ಬೇರೆ ಗಿಡ, ಆದರೆ ವಿಷ ಅದೇ ಜಾತಿಯದು. ಬೀಜವಂತೂ ಬಲು ಕೆಟ್ಟದ್ದು. ಮೂರನೆಯದು ಗುಂಡ ಬಾಯಿ ಹಾಕಿದ ಕಾಶಿ ಕಣಗಿಲೆ, ಸದಾಪುಷ್ಪ ಎಂದೂ ಕರೆಯುತ್ತಾರೆ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಸಿಕ್ಕಿದ್ದು ಇದರಿಂದ. ಹೃದಯಕ್ಕೆ ಹೋಗುವ ವಿಷ ಇದಲ್ಲದಿದ್ದರೂ ನಾಯಿಗೆ ಒಗ್ಗುವ ಗಿಡವಲ್ಲ. ಇನ್ನು ದೇವಗಣಗಿಲೆ, ಅದರ ಹಾಲು ಬಾಯಿ ಹೊಟ್ಟೆ ಉರಿಸುತ್ತದೆ, ಅಷ್ಟೆ.

ನನಗೆ ಬೆರಗಾಗಿದ್ದು ಇಲ್ಲಿ: ನಾಲ್ಕೂ ಒಂದೇ ಕುಟುಂಬದವು, ಅಪೊಸೈನೇಸಿ. ಕೊನೆಯ ಮೂರು ಹೊರಗಿನಿಂದ ಬಂದವು. ಕಾಶಿ ಕಣಗಿಲೆ ಮಡಗಾಸ್ಕರಿನದು, ಉಳಿದೆರಡು ಅಮೆರಿಕ ಖಂಡದ ಬಿಸಿ ಸೀಮೆಯವು. ಹೊಸಬರಿಗೆ ಹೆಸರಿಟ್ಟವರು ಹೂವಿನ ಚಹರೆ ನೋಡಿ ‘ಇದೂ ಒಂದು ಕಣಗಿಲೆ’ ಎಂದು ಗುರುತಿಸಿದ್ದು ಸರಿಯಾಗಿಯೇ ಇತ್ತು. ‘ಕಾಶಿ’ ಸೇರಿಕೊಂಡದ್ದು ದೂರದಿಂದ ಬಂದದ್ದು ಎಂಬ ಅರ್ಥದಲ್ಲೇ? ಬಲ್ಲವರು ತಿಳಿಸಿ.

ಇನ್ನೊಂದು ಗಮನಿಸಿ. ದೇವಗಣಗಿಲೆಯಲ್ಲಿ ಮಳೆಗಾಲದ ಹಾಗೆ ಕಕಾರ ಗಕಾರವಾಗಿ ಎರಡು ಪದಗಳೂ ಬೆಸೆದುಕೊಂಡಿವೆ. ಅದರಲ್ಲಿ ‘ದೇವ’ವನ್ನು ಉದುರಿಸಿ ಆಡಿದ್ದನ್ನು ನಾನು ಕೇಳಿಲ್ಲ. ಕಾಶಿ ಕಣಗಿಲೆ, ಹಳದಿ ಕಣಗಿಲೆಗಳಲ್ಲಿ ಸಂಧಿಯಾಗಿಲ್ಲ, ಪದಗಳು ಬಿಡಿಯಾಗಿ ನಿಂತಿವೆ. ಅವಸರದಲ್ಲಿ ಮೊದಲ ಪದ ಉದುರಿಹೋಗುತ್ತದೆ. ನನ್ನ ಬಾಯಲ್ಲಿ ಆದದ್ದು ಅದೇ.

ಸಂಸ್ಕೃತದವರು ಕಣಗಿಲೆಯನ್ನು ಕರವೀರ ಎಂದರು. ಅಮರಕೋಶ ಅದಕ್ಕೇ ‘ಹಯಮಾರಕ’ ಎಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ, ಕುದುರೆಯನ್ನು ಕೊಲ್ಲುವುದು ಎಂದು. ಪ್ರಾಣಿ ಸಾಕುವವರಿಗೆ ಹೆಸರಿನಲ್ಲೇ ಎಚ್ಚರಿಕೆ! ಕನ್ನಡದಲ್ಲಿ ಈ ಗಿಡಕ್ಕೆ ಅಂಥ ಹೆಸರೇನಾದರೂ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಕಣಗಲು, ಕಣಗಿಲು, ಗಣಗಲೆ ಎಂಬ ಉಚ್ಚಾರಭೇದಗಳು ನನಗೆ ಗೊತ್ತು; ನಾನು ಹುಡುಕುತ್ತಿರುವುದು ಬೇರೆಯದೇ ಪದ.

ನನ್ನ ಅಭಿಪ್ರಾಯ ಹೇಳುವುದಾದರೆ, ಬರೀ ‘ಕಣಗಿಲೆ’ಯನ್ನು ನೀರಿಯಂಗೆ ಮಾತ್ರ ಉಳಿಸಬೇಕು, ಮೂರನೆಯದನ್ನು ಸದಾಪುಷ್ಪ ಎಂದೇ ಕರೆಯಬೇಕು. ಹೆಸರಲ್ಲಿ ಕಣಗಿಲೆ ಇಲ್ಲದ ಮಾತ್ರಕ್ಕೆ ನೆಂಟಸ್ತಿಕೆ ಇಲ್ಲವೆಂದಲ್ಲ: ಎಕ್ಕ, ನಂದಿಬಟ್ಟಲು ಎರಡೂ ಇದೇ ಕುಟುಂಬ. ಈಗ ಸದಾಪುಷ್ಪವಿದ್ದ ಜಾಗದಲ್ಲಿ ದಾಸವಾಳ ನೆಟ್ಟಿದ್ದೇನೆ. ಸೆಕೆಗೂ ಜಗ್ಗದು, ಗುಂಡನಿಗೂ ಕೆಡುಕಿಲ್ಲ.

ಕೊನೆಗೆ ಕ್ರಿಯಾಪದದ ಒಂದು ಸಂದೇಹ. ವೈದ್ಯರು ಮತ್ತೆ ಮತ್ತೆ ಕೇಳಿದ್ದು, “ತಿಂದಿತೋ, ಅಗಿದು ಉಗುಳಿತೋ?” ಎಂದು. ‘ತಿಂದಿತು’ ಎಂದರೆ ಹೊಟ್ಟೆಗೆ ಹೋಯಿತು ಎಂದೇ ಅವರ ಲೆಕ್ಕ, ನಾನು ಆ ಅರ್ಥದಲ್ಲಿ ಆಡಿರಲಿಲ್ಲ. ‘ಮೇಯಿತು’ ಎಂದರೆ ದನದ ಮಾತಾಯಿತು. ‘ಬಾಯಿ ಹಾಕಿತು’ ಎನ್ನುವುದು ನನಗೆ ಹೆಚ್ಚು ಒಪ್ಪುತ್ತದೆ, ಆದರೆ ನುಂಗಿತೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಎಲೆಯನ್ನು ಹಲ್ಲಿಂದ ಜಜ್ಜಿ, ರಸ ಹೀರಿ, ಸಿಪ್ಪೆ ಉಗುಳುವುದಕ್ಕೆ ನಿಮ್ಮಲ್ಲಿ ಒಂದೇ ಪದವಿದೆಯೇ?