ಗ್ರಾಮ್ ಪಾರ್ಸನ್ಸ್ ಮೊದಲ ಸೋಲೋ ಆಲ್ಬಂ: ಈ ಗಂಟಲನ್ನ ಯಾಕೆ ಇಷ್ಟು ಹೊಗಳ್ತಾರೆ?

ಸರಸ್ವತಿಪುರಂ ಹುಡುಗ:
ಚಿಕ್ಕಪ್ಪ ಅಮೆರಿಕದಿಂದ ಬಂದಾಗ ಬಿಟ್ಟುಹೋದ ಸಿಡಿ, ಗ್ರಾಮ್ ಪಾರ್ಸನ್ಸ್ ಅನ್ನೋ ಅಮೆರಿಕನ್ ಗಾಯಕನದು, ಎರಡು ವರ್ಷ ಬೀರುವಿನಲ್ಲೇ ಇತ್ತು. ಮೊನ್ನೆ ಭಾನುವಾರ ಮಳೆ, ಕೆಲಸವೂ ಇರಲಿಲ್ಲ, ಸುಮ್ನೆ ಹಾಕಿದೆ. 'ಜಿಪಿ', 'ಗ್ರೀವಸ್ ಏಂಜಲ್' ಎರಡೂ ಒಂದೇ ಸಿಡಿಯಲ್ಲಿ, ಒಟ್ಟು 20 ಹಾಡು. ಕಂಟ್ರಿ ರಾಕ್, ಅಂದರೆ ಅಮೆರಿಕದ ಹಳ್ಳಿ ಹಾಡಿಗೆ ರಾಕ್ ಬೆರೆಸಿದ್ದು ಅಂತಾರೆ, ಮೊದಲ ಹಾಡಿನಲ್ಲೇ ಪಿಟೀಲು! ರಾಕ್ ಎಲ್ಲಿ ಸ್ವಾಮಿ? ಧ್ವನಿ ಬೇರೆ ನಡುಗುತ್ತದೆ. ಅಮ್ಮ ಅಡುಗೆಮನೆಯಿಂದಲೇ "ಪಾಪ, ನೆಗಡಿನಾ ಅವನಿಗೆ?" ಅಂದರು. ಯಾವುದು ಮೊದಲ ಆಲ್ಬಂ, ಯಾಕೆ ದೊಡ್ಡದು, ಯಾರಾದರೂ ಹೇಳಿ.

ಪಿಟೀಲು ಮೇಷ್ಟ್ರು:
ಮೊದಲ 11 ಹಾಡು 'ಜಿಪಿ', 1973ರ ಜನವರಿಯದು. ಉಳಿದ 9 ಅವನು ಸತ್ತ ಮೇಲೆ, 1974ರಲ್ಲಿ ಬಂದವು. ಸೋಲೋ ಮೊದಲನೆಯದು ಅಂದ ಮಾತ್ರಕ್ಕೆ ಹೊಸಬ ಅಲ್ಲಪ್ಪ. 1968ರಲ್ಲಿ ಬರ್ಡ್ಸ್ ಅನ್ನುವ ರಾಕ್ ತಂಡದಲ್ಲಿದ್ದ, ಆಮೇಲೆ ಫ್ಲೈಯಿಂಗ್ ಬರಿಟೋ ಬ್ರದರ್ಸ್ ಅನ್ನುವ ತಂಡ ಕಟ್ಟಿದ. ರಾಕ್ ಕೇಳುವ ಹುಡುಗರಿಗೆ ಹಳ್ಳಿ ಹಾಡು ಕೇಳಿಸಿದವನು. 'ಜಿಪಿ'ಯಲ್ಲಿ ಜೇಮ್ಸ್ ಬರ್ಟನ್ ಗಿಟಾರ್, ಗ್ಲೆನ್ ಹಾರ್ಡಿನ್ ಪಿಯಾನೊ, ರಾನಿ ಟಟ್ ಡ್ರಮ್ಸ್, ಮೂವರೂ ಎಲ್ವಿಸ್ ಪ್ರೆಸ್ಲಿ ಜೊತೆ ನುಡಿಸುತ್ತಿದ್ದವರು! ಪಿಟೀಲು ಬೈರನ್ ಬರ್ಲೈನ್. ಇನ್ನು ಅಳುವ ಹಾಗೆ ಎಳೆಯುತ್ತದಲ್ಲ, ಅದು ಆಲ್ ಪರ್ಕಿನ್ಸ್ ನುಡಿಸಿದ ಪೆಡಲ್ ಸ್ಟೀಲ್. ನಮ್ಮ ಗೋಟುವಾದ್ಯ ನೋಡಿದ್ದರೆ ತಕ್ಷಣ ಗೊತ್ತಾಗುತ್ತದೆ, ತಂತಿ ಮೇಲೆ ಕಡ್ಡಿ ಜಾರಿಸುವುದು, ಇಲ್ಲಿ ಕಾಲಲ್ಲಿ ಪೆಡಲ್ ಒತ್ತಿ ತಂತಿಯ ಸ್ವರವನ್ನೂ ಬದಲಿಸುತ್ತಾರೆ.

ಧ್ವನಿ ನಡುಗುವುದು ನಿಜ. ನನ್ನ ಶಿಷ್ಯ ಹಾಗೆ ಹಾಡಿದ್ದರೆ ನಿಲ್ಲಿಸಿ ಶ್ರುತಿ ನೋಡ್ಕೋ ಅನ್ನುತ್ತಿದ್ದೆ. ಆದರೆ 'ವಿ ವಿಲ್ ಸ್ವೀಪ್ ಔಟ್ ದ ಆಶಸ್' ಹಾಕಿ, ಹೆಂಗಸಿನ ಧ್ವನಿಗೆ ಕಿವಿ ಕೊಡಿ. ಎಮಿಲೂ ಹ್ಯಾರಿಸ್. ಆಗ ವಾಷಿಂಗ್ಟನ್ ಕಡೆ ಸಣ್ಣ ಕ್ಲಬ್‌ಗಳಲ್ಲಿ ಹಾಡುತ್ತಿದ್ದವಳು. ಅವನು ಒಡೆಯುವ ಕಡೆಯೆಲ್ಲ ಅವಳು ಗೆರೆ ಎಳೆದ ಹಾಗೆ ನಿಲ್ಲುತ್ತಾಳೆ.

ಕಬ್ಬಿನಗದ್ದೆ:
ಮೇಷ್ಟ್ರೇ, ಶ್ರುತಿ ಎಲ್ಲ ಇರಲಿ ಬಿಡಿ. ಗುರು, ನೀನು 'ಸ್ಟ್ರೀಟ್ಸ್ ಆಫ್ ಬಾಲ್ಟಿಮೋರ್' ಸರಿಯಾಗಿ ಕೇಳಿದ್ಯಾ? ಪಾರ್ಸನ್ಸ್ ಬರೆದದ್ದಲ್ಲ, 1966ರಲ್ಲೇ ಕಂಟ್ರಿ ಗಾಯಕ ಬಾಬಿ ಬೇರ್ ಹಾಡಿ ಹಿಟ್ ಆಗಿತ್ತು. ಹೆಂಡತಿಗೆ ಸಿಟಿ ಆಸೆ, ಗಂಡ ಜಮೀನು ಮಾರುತ್ತಾನೆ, ಊರು ಬಿಡುತ್ತಾನೆ, ಫ್ಯಾಕ್ಟರಿಯಲ್ಲಿ ಮೆಷಿನ್ ಓಡಿಸುತ್ತಾನೆ. ಅವಳಿಗೆ ಅಲ್ಲಿನ ದೀಪ ನೋಡಿದಷ್ಟೂ ಸಾಲದು. ಕೊನೆಗೆ ಬಂದ ರೈಲಲ್ಲೇ ಒಬ್ಬನೇ ವಾಪಸ್. ನಮ್ಮ ಮಂಡ್ಯದ ಕಡೆ ಇದನ್ನ ಬಿಡಿಸಿ ಹೇಳಬೇಕಾ? ನಮ್ಮಣ್ಣ ನಾಲೆ ಪಕ್ಕದ ಒಂದೂವರೆ ಎಕರೆ ಗದ್ದೆ ಮಾರಿ ಬೆಂಗಳೂರು ಸೇರಿ ಹನ್ನೊಂದು ವರ್ಷ ಆಯ್ತು, ವಾಪಸ್ ಬರೋಣ ಅಂದರೆ ಗದ್ದೆ ಎಲ್ಲಿ? ಆ ಹಾಡನ್ನು ಗಟ್ಟಿ ಗಂಟಲಿನವನು ಹಾಡಿದರೆ ನಾನಂತೂ ನಂಬಲ್ಲ.

ಕುವೆಂಪುನಗರ ಕ್ಯಾಸೆಟ್:
ಇಬ್ಬರೂ ಜಾಸ್ತಿ ಹೊಗಳ್ತಿದ್ದೀರಿ. ಆಗ 'ಜಿಪಿ' ಚಾರ್ಟ್, ಅಂದರೆ ಹೆಚ್ಚು ಮಾರಾಟವಾದವುಗಳ ಪಟ್ಟಿ, ಮುಟ್ಟಲೇ ಇಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 26 ವರ್ಷಕ್ಕೇ ಹೋಗಿಬಿಟ್ಟ, ಕುಡಿತ, ಡ್ರಗ್ಸ್. ಬೇಗ ಸತ್ತವರಿಗೆ ನಾವು ಮಾರ್ಕ್ಸ್ ಕೊಡುವಾಗ ಕೈ ಸ್ವಲ್ಪ ಸಡಿಲ, ಅಲ್ವಾ? 'ಬಿಗ್ ಮೌತ್ ಬ್ಲೂಸ್' ತೆಗೆದರೂ ಏನೂ ನಷ್ಟ ಇಲ್ಲ. 'ಷಿ' ಮಾತ್ರ ಮುಟ್ಟಬೇಡಿ. ಅದೊಂದು ಹಾಡಿಗೆ ನನ್ನದೂ ಬಾಯಿ ಕಟ್ಟುತ್ತದೆ.

ಪಿಟೀಲು ಮೇಷ್ಟ್ರು:
ಅದಕ್ಕೆ ಒಪ್ಪಿದೆ. ಆದರೆ ಎಮಿಲೂ ಆಮೇಲೆ ಎಷ್ಟು ದೂರ ಹೋದಳು ನೋಡಿ. ಅವಳಿಗೆ ಜೊತೆಗೆ ಹಾಡುವುದನ್ನು ಕಲಿಸಿದ್ದು ಇವನೇ.

ಸರಸ್ವತಿಪುರಂ ಹುಡುಗ:
ನಿನ್ನೆ ರಾತ್ರಿ ಬಾಲ್ಟಿಮೋರ್ ಮೂರು ಸಲ ಹಾಕಿದೆ. ಅಮ್ಮನಿಗೆ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅವಳೂ ರೈಲು ಹತ್ತಬಹುದಿತ್ತು" ಅಂದರು. ನೆಗಡಿ ಮಾತು ಎತ್ತಲಿಲ್ಲ. ಕಬ್ಬಿನಗದ್ದೆ ಅಣ್ಣಾ, ಬರಿಟೋ ಬ್ರದರ್ಸ್ ಎಲ್ಲಿಂದ ಶುರು ಮಾಡಲಿ?

ಕಬ್ಬಿನಗದ್ದೆ:
1969ರ 'ಗಿಲ್ಡೆಡ್ ಪ್ಯಾಲೇಸ್ ಆಫ್ ಸಿನ್'. ಅಮ್ಮನಿಗೆ ಹೆಸರಿನ ಅರ್ಥ ಮಾತ್ರ ಹೇಳಬೇಡ.