ಹಳ್ಳದ ಹಸಿರು ರೆಕ್ಕೆಯ ಕೀಟ: ನೀರಿಗಿಳಿದದ್ದು ಸಾಯಲಿಕ್ಕಲ್ಲವೇ?

ಪ್ರಶ್ನೆ (ಶಿರಸಿ ತಾಲೂಕಿನ ತೋಟಿಗ)

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದ ಕೆಳಗಿನ ಹಳ್ಳದಲ್ಲಿ, ಮಳೆ ಹಿಂದಾಗಿ ನೀರು ತಿಳಿಯಾದ ಮೇಲೆ, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ, ಆದರೆ ಅದಕ್ಕಿಂತ ಬಹಳ ಸಪೂರವಾದ ಕೀಟವೊಂದು ಕಲ್ಲಿನ ಮೇಲೆ ಕೂರುತ್ತದೆ. ಕೂತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿಕೊಳ್ಳುವುದರಿಂದ ಮಾಸಲಾಗಿ ಕಾಣುತ್ತದೆ. ಹಾರಿದೊಡನೆ ಹಿಂದಿನ ರೆಕ್ಕೆ ನವಿಲಿನ ಕತ್ತಿನ ಹಾಗೆ ಹೊಳೆಯುತ್ತದೆ. ಮೊನ್ನೆ ಕಂದು ರೆಕ್ಕೆಯ ಇನ್ನೊಂದು, ನೀರಿಗೆ ಬಾಗಿದ ಬೇರನ್ನು ಹಿಡಿದು ಹಿಂದುಹಿಂದಕ್ಕೆ ಇಳಿಯುತ್ತ ಪೂರ್ತಿ ಮುಳುಗಿಹೋಯಿತು. ಕಡ್ಡಿಯಿಂದ ಎತ್ತಲು ಹೋದರೆ ಬೇರನ್ನು ಬಿಡಲಿಲ್ಲ. ಮೈಗೆ ಬೆಳ್ಳಿಯ ರೇಕು ಹೊದೆಸಿದಂತಿತ್ತು. ಹಸಿರು ರೆಕ್ಕೆಯದು ಅಲ್ಲೇ ಸುತ್ತುತ್ತಿತ್ತು. ಇದೇನು? ಹಳ್ಳದ ನೀರು ನಿಲ್ಲಿಸಲು ಅಡ್ಡಲಾಗಿ ಕಟ್ಟ ಹಾಕುವ ಮೊದಲು ಪ್ರತಿ ವರ್ಷ ನಾವು ಹಳ್ಳದ ದಡ ಸವರಿ ಹುಲ್ಲು, ಬೇರು ತೆಗೆಯುತ್ತೇವೆ. ಅದರಿಂದ ಇವಕ್ಕೆ ತೊಂದರೆಯಾಗುತ್ತದೆಯೇ?

ಉತ್ತರ 1 (ಸಿದ್ದಾಪುರದಿಂದ)

ನಮಸ್ಕಾರ. ನೀವು ಕಂಡದ್ದು, ಏರೋಪ್ಲೇನ್ ಚಿಟ್ಟೆಯ ಹತ್ತಿರದ ಬಂಧುವಾದ, ಕ್ಯಾಲಾಪ್ಟೆರಿಜಿಡೆ ಕುಟುಂಬದ ಡ್ಯಾಮ್ಸೆಲ್‌ಫ್ಲೈ. ಹೆಸರು ಸ್ಟ್ರೀಮ್ ಗ್ಲೋರಿ, ಅಂದರೆ ನ್ಯೂರೋಬೇಸಿಸ್ ಚೈನೆನ್ಸಿಸ್. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲೇ ಇದನ್ನು ವರ್ಣಿಸಿದ್ದಾನೆ. ಆ ಹಸಿರು ಬರಿಯ ಬಣ್ಣವಲ್ಲ. ರೆಕ್ಕೆಯ ತೆಳು ಪದರಗಳು ಬೆಳಕನ್ನು ಹಿಂದಿರುಗಿಸುವ ರೀತಿಯಿಂದ ಹುಟ್ಟುವ ಹೊಳಪು. ಗಂಡಿನ ಹಿಂದಿನ ರೆಕ್ಕೆಯ ಮೇಲ್ಮೈಗೆ ಮಾತ್ರ ಅದು ಇರುವುದರಿಂದ ಕೂತಾಗ ಮರೆಯಾಗುತ್ತದೆ.

ಮುಳುಗಿದ್ದು ಹೆಣ್ಣು, ಮತ್ತು ಅದು ಮೊಟ್ಟೆಯಿಡುತ್ತಿತ್ತು. ಅದರ ಹೊಟ್ಟೆಯ ತುದಿಯಲ್ಲಿ ಗರಗಸದಂಥ ಅಂಗವಿದ್ದು, ನೀರಿನೊಳಗಿನ ಬೇರು ಮತ್ತು ಕಾಂಡಗಳ ಮೆತ್ತನೆಯ ಭಾಗವನ್ನು ಸೀಳಿ ಒಂದೊಂದೇ ಮೊಟ್ಟೆಯನ್ನು ಒಳಗೆ ಸೇರಿಸುತ್ತದೆ. ನೀವು ಕಂಡ ಬೆಳ್ಳಿ ರೇಕು, ಮೈಗೂ ರೆಕ್ಕೆಗೂ ಅಂಟಿಕೊಂಡ ಗಾಳಿಯ ಪದರ. ನೀರಿನೊಳಗೆ ಅದರ ಉಸಿರಾಟ ಆ ಗಾಳಿಯಿಂದಲೇ ನಡೆಯುತ್ತದೆ. ದಯವಿಟ್ಟು ಇನ್ನೊಮ್ಮೆ ಎತ್ತಬೇಡಿ.

ಮೊಟ್ಟೆಯೊಡೆದು ಬರುವ ಮರಿಗೆ ರೆಕ್ಕೆಯಿಲ್ಲ. ಚಿಟ್ಟೆಗಳಿಗಿರುವ ಕೋಶದ ಹಂತವೂ ಇದಕ್ಕಿಲ್ಲ. ಹತ್ತು ಹನ್ನೆರಡು ಸಲ ಪೊರೆ ಕಳಚುತ್ತ ನೀರಿನೊಳಗೇ ಬೆಳೆಯುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಒಣಕಡ್ಡಿಯ ಚೂರೆಂದೇ ತೋರುತ್ತದೆ: ಉದ್ದ ಕಾಲುಗಳು, ಬಾಲದಲ್ಲಿ ಕಿವಿರಿನ ಕೆಲಸ ಮಾಡುವ ಮೂರು ಎಸಳುಗಳು, ತಲೆಯ ಮೇಲಿನ ಮೀಸೆಯಲ್ಲಿ, ಉಳಿದ ಗೆಣ್ಣುಗಳೆಲ್ಲ ಸೇರಿದರೂ ಸರಿಗಟ್ಟದಷ್ಟು ಉದ್ದವಾದ ಮೊದಲ ಗೆಣ್ಣು. ಈ ಕುಟುಂಬದ ಮರಿಯನ್ನು ಗುರುತಿಸಲು ಆ ಗೆಣ್ಣೇ ಸಾಕು. ತಲೆಯಡಿಗೆ ಮಡಚಿಟ್ಟ ಕೆಳದುಟಿಯನ್ನು ಕಣ್ಣೆವೆ ಇಕ್ಕುವುದರೊಳಗೆ ಮುಂದಕ್ಕೆ ಚಾಚಿ ಸಣ್ಣ ನೀರುಹುಳುಗಳನ್ನು ಹಿಡಿಯುತ್ತದೆ. ಇದಕ್ಕೆ ಹರಿಯುವ, ಆಮ್ಲಜನಕ ತುಂಬಿದ ನೀರು ಬೇಕು, ಹರಿವಿನಲ್ಲಿ ಕೊಚ್ಚಿಹೋಗದಂತೆ ಹಿಡಿದು ಕೂರಲು ಬೇರಿನ ಜಡೆ ಬೇಕು. ದಡವನ್ನು ಪೂರ್ತಿ ಸವರಿದರೆ ಮೊಟ್ಟೆ, ಮರಿ ಎರಡೂ ಹುಲ್ಲಿನೊಂದಿಗೆ ದಂಡೆಗೆ ಬೀಳುತ್ತವೆ. ಒಂದು ಬದಿಯನ್ನಾದರೂ ಬಿಡಿ ಎಂಬುದು ನನ್ನ ಕಳಕಳಿಯ ಕೋರಿಕೆ. ಕೊಳೆರೋಗಕ್ಕೆ ಬೋರ್ಡೋ ಹೊಡೆದ ಡ್ರಮ್ಮನ್ನೂ ಹಳ್ಳದಲ್ಲಿ ತೊಳೆಯಬೇಡಿ. ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತು ನೀರಿನ ಜೀವಿಗಳಿಗೆ ವಿಷ. ನಮ್ಮ ಮನೆಯಲ್ಲಿ ಬಹಳ ವರ್ಷ ಹಾಗೆಯೇ ತೊಳೆಯುತ್ತಿದ್ದೆವು. ಆ ನೆನಪು ಈಗಲೂ ನೋಯಿಸುತ್ತದೆ.

ಉತ್ತರ 2 (ಕಾರವಾರದಿಂದ)

ಮೇಲಿನ ಉತ್ತರ ಸರಿಯಾಗಿದೆ. ಗಂಡು ಏಕೆ ಸುತ್ತುತ್ತಿತ್ತು ಎಂಬುದನ್ನಷ್ಟೇ ಸೇರಿಸುತ್ತೇನೆ. ಅದು ಕಾವಲು. 1979ರಲ್ಲಿ ಜೊನಾಥನ್ ವಾಗೆ ಎಂಬ ಅಮೆರಿಕದ ವಿಜ್ಞಾನಿ, ಇದೇ ಕುಟುಂಬದ ಅಲ್ಲಿನ ಒಂದು ಪ್ರಭೇದದಲ್ಲಿ, ಗಂಡು ಕೂಡುವಾಗ ಹೆಣ್ಣಿನೊಳಗೆ ಮೊದಲೇ ಇದ್ದ ಬೇರೆ ಗಂಡಿನ ವೀರ್ಯವನ್ನು ಕೆರೆದು ತೆಗೆಯುತ್ತದೆ ಎಂದು ತೋರಿಸಿದರು. ಕೊನೆಯಲ್ಲಿ ಕೂಡಿದ ಗಂಡಿನದೇ ಸಂತಾನವಾಗುವ ಸಂಭವ ಹೆಚ್ಚಾದ್ದರಿಂದ, ಮೊಟ್ಟೆಯಿಡುವವರೆಗೆ ಬೇರೆ ಗಂಡುಗಳನ್ನು ಓಡಿಸುತ್ತ ಕಾಯುವುದು ಅದಕ್ಕೆ ಲಾಭ. ಇನ್ನು, ಕಾನಿನ ನೆರಳಿನಲ್ಲಿ ಹಸಿರು ಮೈಯ, ಪಾರದರ್ಶಕ ರೆಕ್ಕೆಯ ಕೀಟಗಳು ಗುಂಪಾಗಿ ಕೂತಿದ್ದರೆ, ಅವು ಇದೇ ಕುಟುಂಬದ ವೆಸ್ಟಾಲಿಸ್‌ಗಳು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಹಳ್ಳದ ಕಲ್ಲುಗಳ ಮೇಲೆ, ನೀರಿನಿಂದ ಗೇಣು ಎತ್ತರದಲ್ಲಿ, ಮೂರು ಒಣ ಪೊರೆಗಳು ಸಿಕ್ಕವು. ಬೆನ್ನು ಸೀಳಿತ್ತು, ಸೀಳಿನಿಂದ ಬಿಳಿಯ ಎಳೆಗಳು ಹೊರಗೆ ಇಳಿಬಿದ್ದಿದ್ದವು. ಮೀಸೆಯ ಮೊದಲ ಗೆಣ್ಣು ನಿಜಕ್ಕೂ ಉದ್ದವಿದೆ. ಆ ಎಳೆಗಳು ಯಾವುವು?

ಉತ್ತರ 1 (ಸಿದ್ದಾಪುರದಿಂದ)

ಅವು ಉಸಿರುನಾಳಗಳ ಒಳಪದರ. ಕೊನೆಯ ಪೊರೆ ಬಿಡುವಾಗ ಅದೂ ಕಳಚಿ ಬರುತ್ತದೆ. ಹೊರಬಂದ ಕೀಟ ಆಗ ಮೆತ್ತಗಿರುತ್ತದೆ, ಬಣ್ಣವೂ ಸರಿಯಾಗಿ ಬಂದಿರುವುದಿಲ್ಲ. ಕೆಲವು ದಿನ ಹಳ್ಳದಿಂದ ದೂರ ಸರಿದು, ತೋಟಕ್ಕೆ ಸೊಪ್ಪು ತರುವ ಬೆಟ್ಟದ ಅಂಚಿನಂಥ ಕಡೆ ಬೇಟೆಯಾಡಿ ಬಲಿತ ಮೇಲೆ ಮರಳುತ್ತದೆ.

ಪ್ರಶ್ನೆ ಕೇಳಿದವರು

ಹಾಗಾದರೆ ಈ ವರ್ಷ ತೋಟದ ಬದಿಯ ದಡವನ್ನಷ್ಟೇ ಸವರುತ್ತೇವೆ. ಕೆಲಸದವರಿಗೂ ಆ ಬೇರುಗಳನ್ನು ತೋರಿಸಿ ಬಂದೆ.